ನುಡಿಸಿ ಮುಗಿಸಿದ ಮೇಲೆ ಅವಳು ನೋಡಿದ ಮುಖ

ಪಿಯಾನೋ ವಿದ್ಯಾರ್ಥಿಗಳ ಕಛೇರಿಗಳಲ್ಲಿ ನಾನು ಪುಟ ತಿರುಗಿಸುತ್ತೇನೆ. ವೇದಿಕೆಯ ಮೇಲಿದ್ದೂ ಯಾರ ಗಮನವನ್ನೂ ಸೆಳೆಯಬಾರದ ಕೆಲಸ ಅದು. ಕನ್ಸರ್ಟೊ ಎಂದರೆ ಒಬ್ಬ ವಾದಕ ವಾದ್ಯವೃಂದದ ಜೊತೆ ನುಡಿಸುವ ಕೃತಿ; ಅದನ್ನು ಕಲಿತ ವಿದ್ಯಾರ್ಥಿಗೆ ಇಡೀ ವಾದ್ಯವೃಂದ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ವಾದ್ಯವೃಂದದ ಪಾಲನ್ನು ಎರಡನೆಯ ಪಿಯಾನೋದಲ್ಲಿ ಇನ್ನೊಬ್ಬರು ನುಡಿಸುತ್ತಾರೆ. ವಿದ್ಯಾರ್ಥಿಯ ಮುಂದೆ ಪುಸ್ತಕವಿರುವುದಿಲ್ಲ, ಎಲ್ಲವೂ ನೆನಪಿನಲ್ಲೇ ಇರಬೇಕು. ಜೊತೆಗಾರರ ಮುಂದೆ ಪುಸ್ತಕವಿರುತ್ತದೆ, ಆದರೆ ಅವರ ಎರಡು ಕೈಗಳಿಗೂ ಬಿಡುವಿರುವುದಿಲ್ಲ. ಅವರ ಎಡಬದಿಯಲ್ಲಿ ಕುಳಿತು, ಪುಟದ ಕೊನೆಯ ಸಾಲು ಬರುವ ಹೊತ್ತಿಗೆ ಎದ್ದು ನಿಂತು, ಸದ್ದಾಗದಂತೆ ಹಾಳೆ ಮಗುಚುವುದು ನನ್ನ ಪಾಲಿನ ಕೆಲಸ. ಎರಡು ಪಿಯಾನೋಗಳನ್ನು ಎದುರುಬದುರಾಗಿ ಇಟ್ಟಾಗ, ಸಭೆಯಲ್ಲಿ ಕುಳಿತವರಿಗೆ ಕಾಣದ ಒಂದು ನೋಟ ನನಗೆ ದಕ್ಕುತ್ತದೆ: ನುಡಿಸುವವರ ಮುಖ.

ಆ ದಿನ ನುಡಿಸಿದವಳು ಹದಿನೈದರ ಆಸುಪಾಸಿನ ಹುಡುಗಿ. ಮೊಜಾರ್ಟ್‌ನ ಡಿ ಮೈನರ್ ಕನ್ಸರ್ಟೊ. ಅದರಲ್ಲಿ ವಾದ್ಯವೃಂದ ತನ್ನ ಕಳವಳವನ್ನೆಲ್ಲ ಹೇಳಿ ಮುಗಿಸಿದ ಮೇಲೆ ಪಿಯಾನೋ ಒಂಟಿಯಾಗಿ ಪ್ರವೇಶಿಸುತ್ತದೆ, ಅದೂ ಅಲ್ಲಿಯವರೆಗೆ ಯಾರೂ ನುಡಿಸದ ಹೊಸದೊಂದು ಮಾತಿನೊಂದಿಗೆ. ಆ ಪ್ರವೇಶವನ್ನು ಅವಳು ಎಷ್ಟು ಸರಳವಾಗಿ ನುಡಿಸಿದಳೆಂದರೆ ನನ್ನ ಜೊತೆಗಾರರು ಕ್ಷಣಕಾಲ ತಲೆಯೆತ್ತಿ ಅವಳನ್ನು ನೋಡಿದರು. ಉದ್ದಕ್ಕೂ ಬೆರಳುಗಳು ಎಲ್ಲಿಯೂ ತಡವರಿಸಲಿಲ್ಲ. ಕೊನೆಯ ಭಾಗ ಡಿ ಮೇಜರ್‌ಗೆ ತಿರುಗಿ ಬೆಳಕಾಗಿ ಮುಗಿಯಿತು. ಚಪ್ಪಾಳೆ ಶುರುವಾಯಿತು. ಅವಳು ಏಳಲಿಲ್ಲ, ಸಭೆಯ ಕಡೆ ತಿರುಗಲಿಲ್ಲ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಮೂರನೆಯ ಸಾಲಿನ ಬಲತುದಿಯಲ್ಲಿ ಕುಳಿತಿದ್ದ ತನ್ನ ಗುರುಗಳನ್ನು ನೋಡಿದಳು. ಅವರು ಸಣ್ಣಗೆ ತಲೆಯಾಡಿಸಿದರು. ಆಗ ಅವಳ ಹೆಗಲು ಇಳಿಯಿತು, ಮುಖ ಸಡಿಲವಾಯಿತು. ಎದ್ದು ಸಭೆಗೆ ವಂದಿಸಿದ್ದು ಅದಾದ ನಂತರ.

ಎಷ್ಟೋ ವಿದ್ಯಾರ್ಥಿಗಳು ಹಾಗೆ ನೋಡುತ್ತಾರೆ. ಅದರಲ್ಲಿ ವಿಶೇಷವೇನಿಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ನನಗೆ ಅದು ಆ ಸಂಜೆಯಿಂದ ಬಿಡದೆ ಕಾಡುತ್ತಿದೆ. ಅರ್ಧ ಗಂಟೆಯ ಅಷ್ಟು ದೊಡ್ಡ ಕೃತಿಯನ್ನು ತಾನೇ ನುಡಿಸಿಯೂ ಅದು ಹೇಗಿತ್ತು ಎಂಬುದು ಅವಳಿಗೆ ಗೊತ್ತಿರಲಿಲ್ಲ; ಗೊತ್ತಾಗಲು ಇನ್ನೊಬ್ಬರ ಮುಖ ಬೇಕಾಯಿತು. ಗುರುಗಳು ತಲೆಯನ್ನು ಅಡ್ಡಕ್ಕೆ ಆಡಿಸಿದ್ದರೆ? ಆಗ ಅದೇ ಸಂಗೀತ ಅವಳ ಪಾಲಿಗೆ ಕೆಟ್ಟ ಸಂಗೀತವಾಗಿಬಿಡುತ್ತಿತ್ತು. ಇನ್ನು ಆರೇಳು ವರ್ಷಗಳಲ್ಲಿ ಇವಳು ಒಬ್ಬಳೇ ಊರೂರು ಸುತ್ತಿ ನುಡಿಸಬೇಕಾದವಳು. ಮೂರನೆಯ ಸಾಲಿನ ಬಲತುದಿಯಲ್ಲಿ ಆಗ ಅಪರಿಚಿತರು ಕುಳಿತಿರುತ್ತಾರೆ.

ಹತ್ತು ಮಿಲಿಮೀಟರಿನ ವಿದ್ಯೆ

ಮೊದಲು ಈ ಶಿಕ್ಷಣಕ್ಕೆ ಸಲ್ಲಬೇಕಾದ ನ್ಯಾಯ ಸಲ್ಲಬೇಕು. ಪಿಯಾನೋ ವಿಧೇಯತೆಯನ್ನು ಬೇಡುವ ವಾದ್ಯ. ಕೀಲಿಯೊಂದು ಒತ್ತಿದಾಗ ಇಳಿಯುವುದು ಸುಮಾರು ಹತ್ತು ಮಿಲಿಮೀಟರ್. ಅಷ್ಟರೊಳಗೆ ಎಲ್ಲವೂ ಆಗಿಹೋಗಬೇಕು. ಕೀಲಿ ತಳ ಮುಟ್ಟುವ ಮುನ್ನವೇ ಒಳಗಿನ ಸುತ್ತಿಗೆ ಬೆರಳಿನ ಹಿಡಿತದಿಂದ ಬಿಡಿಸಿಕೊಂಡು ತಂತಿಯ ಕಡೆ ಹಾರಿರುತ್ತದೆ. ಆ ಮೇಲೆ ಬೆರಳಿನಿಂದ ಏನು ಮಾಡಿದರೂ ಆ ಸ್ವರ ಬದಲಾಗುವುದಿಲ್ಲ. ಪಿಟೀಲು ನುಡಿಸುವವರು ಸ್ವರ ಹುಟ್ಟಿದ ಮೇಲೂ ಕಮಾನಿನಿಂದ ಅದನ್ನು ಬೆಳೆಸಬಹುದು, ಹಾಡುವವರು ಉಸಿರಿನಿಂದ ತುಂಬಬಹುದು. ಪಿಯಾನೋದ ಸ್ವರ ಹುಟ್ಟಿದ ಕ್ಷಣದಿಂದ ಕುಗ್ಗುತ್ತಲೇ ಹೋಗುತ್ತದೆ. ಹೀಗೆ ಕುಗ್ಗುವ ಸ್ವರಗಳನ್ನು ಒಂದರ ಪಕ್ಕ ಒಂದಿಟ್ಟು ಹಾಡಿನ ಭ್ರಮೆ ಹುಟ್ಟಿಸಬೇಕಾದರೆ, ಮುಂದಿನ ಸ್ವರವನ್ನು ಹಿಂದಿನದು ಎಷ್ಟು ಕುಗ್ಗಿದೆ ಎಂದು ಆಲಿಸಿಯೇ ಅಳೆದು ನುಡಿಸಬೇಕು. ಇದು ಕಿವಿಯ ಕೆಲಸ. ಆದರೆ ಆ ಅಳತೆಯನ್ನು ಕಾರ್ಯರೂಪಕ್ಕೆ ತರುವ ಬೆರಳು, ಮಣಿಕಟ್ಟು, ಮುಂಗೈ, ಹೆಗಲುಗಳನ್ನು ಎಳೆಯ ವಯಸ್ಸಿನಲ್ಲೇ ಪಳಗಿಸಬೇಕು. ಆ ವಯಸ್ಸಿನಲ್ಲಿ ಮಗುವಿಗೆ ತನಗೇನು ಬೇಕೆಂದು ತಿಳಿದಿರುವುದಿಲ್ಲ. ಹಾಗಾಗಿ ಯಾರೋ ಹೇಳಬೇಕು, ಮಗು ಕೇಳಬೇಕು.

ಎಷ್ಟು ಹೊತ್ತು? 1993ರಲ್ಲಿ ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್‌ನಲ್ಲಿ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಪರಿಣತ ಯುವ ಪಿಯಾನೋ ವಾದಕರು ಹದಿನೆಂಟು ತುಂಬುವ ಹೊತ್ತಿಗೆ ಒಂಟಿಯಾಗಿ ಕುಳಿತು ಮಾಡಿದ್ದ ಅಭ್ಯಾಸ ಸುಮಾರು ಏಳೂವರೆ ಸಾವಿರ ಗಂಟೆ. ಹವ್ಯಾಸಿಗಳದ್ದು ಸುಮಾರು ಒಂದೂವರೆ ಸಾವಿರ. ಈ ಅಂಕಿಯನ್ನು ಜನ ಬೇಕಾದ ಹಾಗೆ ಎಳೆದಾಡಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಗಂಟೆಗಳ ಮೊತ್ತವಲ್ಲ, 'ಒಂಟಿಯಾಗಿ' ಎಂಬ ಮಾತು. ವಾರಕ್ಕೆ ಒಂದೆರಡು ಗಂಟೆ ಗುರುಗಳ ಎದುರು; ಉಳಿದ ಹೊತ್ತೆಲ್ಲ ಮುಚ್ಚಿದ ಕೋಣೆಯಲ್ಲಿ ಮಗು ಮತ್ತು ವಾದ್ಯ. ಹೊರಗಿನಿಂದ ನೋಡಿದರೆ ಏಕಾಂತ. ಆದರೆ ಆ ಕೋಣೆಯಲ್ಲಿ ನಿಜವಾಗಿ ಯಾರಿರುತ್ತಾರೆ? ಮಗು ತನ್ನನ್ನು ತಾನು ಆಲಿಸುತ್ತಿರುತ್ತದೆಯೇ, ಅಥವಾ ಮುಂದಿನ ಪಾಠದಲ್ಲಿ ಗುರುಗಳು ಎಲ್ಲಿ ತಡೆಯುತ್ತಾರೆ ಎಂದು ಊಹಿಸುತ್ತಿರುತ್ತದೆಯೇ?

ಇದಕ್ಕೆ ಉತ್ತರದಂತಿದ್ದ ಪಾಠವೊಂದನ್ನು ನಾನು ನೋಡಿದ್ದೇನೆ. ಮುಂದಿನ ವಾರದ ಕಛೇರಿಗೆ ಪುಟಗಳನ್ನು ಗುರುತು ಮಾಡಿಕೊಳ್ಳಲೆಂದು ಹೋಗಿ ಕೋಣೆಯ ಮೂಲೆಯಲ್ಲಿ ಕುಳಿತಿದ್ದೆ. ಹುಡುಗನೊಬ್ಬ ಬ್ರಾಮ್ಸ್‌ನ ಇಂಟರ್‌ಮೆಟ್ಸೊ ಎಂಬ ಸಣ್ಣ ಪಿಯಾನೋ ಕೃತಿಯೊಂದನ್ನು ನುಡಿಸುತ್ತಿದ್ದ. ಗುರುಗಳು ಒಂದು ಕಾರ್ಡ್ ಬಳಿ, ಅಂದರೆ ಹಲವು ಸ್ವರಗಳು ಒಟ್ಟಿಗೆ ನುಡಿಯುವ ಕಡೆ, ತಡೆದರು. "ಅಲ್ಲೇ ಹಿಡಿದುಕೋ, ಬಿಡಬೇಡ" ಎಂದರು. ಅವನು ನಾಲ್ಕು ಕೀಲಿಗಳನ್ನು ಒತ್ತಿ ಹಿಡಿದು ಕುಳಿತ. ನಾದ ನಿಧಾನವಾಗಿ ಇಳಿಯುತ್ತಿತ್ತು. "ಏನು ಕೇಳಿಸುತ್ತಿದೆ?" ಎಂದು ಅವರು ಕೇಳಿದರು. ಅವನು ಬೆರಳು ತೆಗೆದು ಅವರ ಮುಖ ನೋಡಿ, "ತಪ್ಪಾಯಿತೇ ಮೇಡಂ?" ಎಂದ. ಅವರು ಇಲ್ಲವೆಂದರು, ಮತ್ತೆ ಹಿಡಿಯಲು ಹೇಳಿದರು, ಮತ್ತೆ ಅದೇ ಪ್ರಶ್ನೆ ಕೇಳಿದರು. ಈ ಬಾರಿ ಅವನು ಕೀಲಿಮಣೆಯನ್ನೇ ದಿಟ್ಟಿಸಿ, "ನಾಲ್ಕನೆಯ ಬೆರಳು ಮೆದುವಾಯಿತೇ?" ಎಂದ. ಮೂರನೆಯ ಬಾರಿ ಪೆಡಲ್ ಬಗ್ಗೆ ಕೇಳಿದ. ಏನು ಕೇಳಿಸುತ್ತಿದೆ ಎಂಬುದಕ್ಕೆ ಉತ್ತರ ಬರಲೇ ಇಲ್ಲ. ಅವನಿಗೆ ಕಿವಿಯಿಲ್ಲ ಎಂದಲ್ಲ. ಆ ಕೋಣೆಯಲ್ಲಿ ಅವನು ಅಂದಿನವರೆಗೆ ಕೇಳಿದ್ದ ಪ್ರಶ್ನೆಗಳೆಲ್ಲ ತಪ್ಪನ್ನು ತೋರಿಸುವ ಪ್ರಶ್ನೆಗಳೇ ಆಗಿದ್ದವು. ತಪ್ಪಿಲ್ಲದ ಪ್ರಶ್ನೆಯನ್ನು ಅವನು ಗುರುತಿಸಲಾರದೆ ಹೋದ. ಗುರುಗಳಿಗೂ ಅದು ಅರ್ಥವಾಯಿತೆಂದು ನನಗೆ ತೋರಿತು. ಅವರು ಬಹಳ ಹೊತ್ತು ಮಾತನಾಡಲಿಲ್ಲ.

ತಂದೆ ಬರೆದ 'ನಾನು'

ಈ ಬಗ್ಗೆ ಯೋಚಿಸುವಾಗಲೆಲ್ಲ ನನ್ನ ಮನಸ್ಸು ಕ್ಲಾರಾ ವೀಕ್ ಬಳಿಗೆ ಹೋಗುತ್ತದೆ. 1819ರಲ್ಲಿ ಹುಟ್ಟಿದ ಅವಳು ಮುಂದೆ ಕ್ಲಾರಾ ಶೂಮನ್ ಎಂದು ಹೆಸರಾದವಳು. ಮಾತು ಬರಲು ನಾಲ್ಕು ವರ್ಷ ದಾಟಿತ್ತು. ಕಿವಿ ಕೇಳಿಸುವುದಿಲ್ಲವೇನೋ ಎಂದು ಮನೆಯವರಿಗೆ ಅನುಮಾನವಿತ್ತು. ತಂದೆ ಫ್ರೀಡ್ರಿಖ್ ವೀಕ್ ಪಿಯಾನೋ ಗುರು. ಮಗಳನ್ನು ದೊಡ್ಡ ವಾದಕಿಯನ್ನಾಗಿ ಮಾಡಿಯೇ ತೀರುವೆನೆಂದು ಹೊರಟವನು. ಒಂಬತ್ತನೆಯ ವಯಸ್ಸಿನಲ್ಲಿ, 1828ರಲ್ಲಿ, ಅವಳು ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ಸಭಾಂಗಣದ ವೇದಿಕೆ ಹತ್ತಿದಳು. ಹನ್ನೊಂದರಲ್ಲಿ ಅಲ್ಲೇ ತನ್ನದೇ ಪೂರ್ಣ ಕಛೇರಿ ಕೊಟ್ಟಳು. ಅವಳ ಹೆಸರಿನಲ್ಲಿ ಒಂದು ದಿನಚರಿಯೂ ಇತ್ತು. ಅದನ್ನು ಶುರು ಮಾಡಿದವನು, ವರ್ಷಗಟ್ಟಲೆ ಬಹುಪಾಲು ಬರೆದವನು ತಂದೆ. ಬರೆದದ್ದು 'ನಾನು' ಎಂದೇ. ನಾನು ಇಂದು ಇಂಥ ಕೃತಿ ನುಡಿಸಿದೆ, ನನ್ನ ತಂದೆಗೆ ಸಂತೋಷವಾಯಿತು ಎಂಬ ಧಾಟಿಯಲ್ಲಿ ತಂದೆಯೇ ಮಗಳಾಗಿ ಬರೆಯುತ್ತಿದ್ದ. ಮಗುವಿನ ಏಕಾಂತದ ಕೋಣೆಯಲ್ಲಿ ಯಾರಿರುತ್ತಾರೆ ಎಂದು ಮೇಲೆ ಕೇಳಿದೆನಲ್ಲ, ಇಲ್ಲಿ ಅದಕ್ಕೆ ಲಿಖಿತ ಸಾಕ್ಷಿಯೇ ಇದೆ.

ಆದರೂ ವೀಕ್‌ನನ್ನು ಬರಿಯ ದಬ್ಬಾಳಿಕೆಯವನೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಅವನು ಮಗಳನ್ನು ಇಡೀ ದಿನ ಕೀಲಿಮಣೆಗೆ ಕಟ್ಟಿಹಾಕಲಿಲ್ಲ. ಪ್ರತಿದಿನ ಒಂದು ಗಂಟೆ ಪಾಠ, ಎರಡು ಮೂರು ಗಂಟೆ ಅಭ್ಯಾಸ, ಆಮೇಲೆ ದೀರ್ಘ ನಡಿಗೆ. ಹಾಡುಗಾರಿಕೆ, ಪಿಟೀಲು, ಸಂಗೀತಶಾಸ್ತ್ರ, ಎಲ್ಲಕ್ಕಿಂತ ಮುಖ್ಯವಾಗಿ ಸಂಯೋಜನೆ, ಎಲ್ಲವನ್ನೂ ಕಲಿಸಿದ. ಹದಿನಾರರಲ್ಲಿ ಅವಳು ತಾನೇ ರಚಿಸಿದ ಪಿಯಾನೋ ಕನ್ಸರ್ಟೊವನ್ನು ಮೆಂಡೆಲ್‌ಸೋನ್‌ನ ನಿರ್ದೇಶನದಲ್ಲಿ ನುಡಿಸಿದಳು. ತಂದೆಯ ಕೈ ಅವಳ ದಿನಚರಿಯಲ್ಲಿತ್ತು, ಆದರೆ ಆ ಕನ್ಸರ್ಟೊ ಅವಳದೇ. ಸಂಯೋಜಕ ರಾಬರ್ಟ್ ಶೂಮನ್‌ನನ್ನು ಮದುವೆಯಾಗಲು ಅವಳು ತಂದೆಯ ವಿರುದ್ಧ ನ್ಯಾಯಾಲಯದವರೆಗೆ ಹೋಗಿ ಗೆದ್ದದ್ದು 1840ರಲ್ಲಿ, ಇಪ್ಪತ್ತೊಂದು ತುಂಬುವ ಹಿಂದಿನ ದಿನ ಮದುವೆಯಾಯಿತು. ಆ ಎದುರಿಸುವ ಶಕ್ತಿ ಎಲ್ಲಿಂದ ಬಂತೆಂದು ಕೇಳಿದರೆ, ಸ್ವಲ್ಪ ಮಟ್ಟಿಗಾದರೂ ಅದೇ ತಂದೆ ಕಲಿಸಿದ ಸಂಯೋಜನೆಯಿಂದ ಎಂದು ನಾನು ನಂಬುತ್ತೇನೆ. ಖಾಲಿ ಹಾಳೆಯ ಮುಂದೆ ಕುಳಿತು ಮುಂದಿನ ಸ್ವರ ಯಾವುದೆಂದು ತಾನೇ ನಿರ್ಧರಿಸಿ ರೂಢಿಯಾದವಳು ಅವಳು.

ನಮ್ಮ ಕಾಲದಲ್ಲೂ ತಂದೆಯರ ಕಥೆಗಳಿವೆ. ಚೀನಾದ ಪಿಯಾನೋ ವಾದಕ ಲ್ಯಾಂಗ್ ಲ್ಯಾಂಗ್‌ನ ತಂದೆ ಶೆನ್ಯಾಂಗ್‌ನಲ್ಲಿದ್ದ ಕೆಲಸ ಬಿಟ್ಟು, ಹೆಂಡತಿಯನ್ನು ದುಡಿಯಲು ಊರಿನಲ್ಲೇ ಬಿಟ್ಟು, ಚಿಕ್ಕ ಮಗನನ್ನು ಕರೆದುಕೊಂಡು ಬೀಜಿಂಗ್‌ಗೆ ಹೋದದ್ದು, ಅಲ್ಲಿನ ಶಿಕ್ಷಕಿ ಹುಡುಗನನ್ನು ಕೈಬಿಟ್ಟಾಗ ಆ ಮನೆಯಲ್ಲಿ ನಡೆದ ಭಯಾನಕ ಜಗಳ, ಹುಡುಗ ತಿಂಗಳುಗಟ್ಟಲೆ ಪಿಯಾನೋ ಮುಟ್ಟದೆ ಇದ್ದದ್ದು, ಎಲ್ಲವನ್ನೂ ಅವನೇ ಹೇಳಿಕೊಂಡಿದ್ದಾನೆ. ಕೊನೆಗೆ ಗೆದ್ದನಲ್ಲ ಎಂದು ಆ ಕಥೆಯನ್ನು ಮೆಚ್ಚಿ ಹೇಳುವವರನ್ನು ನಾನು ಸಹಿಸಲಾರೆ. ಅದೇ ದಾರಿಯಲ್ಲಿ ನಡೆದು ಗೆಲ್ಲದೆ ಉಳಿದ ಮಕ್ಕಳ ಹೆಸರು ನಮಗೆ ಯಾರಿಗೂ ತಿಳಿಯುವುದಿಲ್ಲ.

ಖಾಲಿ ಬಿಟ್ಟ ಜಾಗ

ಹುಡುಗಿ ನುಡಿಸಿದ ಆ ಡಿ ಮೈನರ್ ಕನ್ಸರ್ಟೊದ ಹುಟ್ಟು ಇಲ್ಲಿ ಹೇಳಬೇಕಾದ ಸಂಗತಿ. 1785ರ ಫೆಬ್ರವರಿ 11ರಂದು ವಿಯೆನ್ನಾದಲ್ಲಿ ಮೊಜಾರ್ಟ್ ಅದನ್ನು ಮೊದಲ ಬಾರಿ ನುಡಿಸಿದ. ಸಭೆಯಲ್ಲಿ ಅವನ ತಂದೆ, ಅವನ ಮೊದಲ ಗುರು, ಲಿಯೋಪೋಲ್ಡ್ ಕುಳಿತಿದ್ದ. ಆತ ಮಗಳಿಗೆ ಬರೆದ ಪತ್ರದಲ್ಲಿ ಆ ದಿನದ ಗಡಿಬಿಡಿ ದಾಖಲಾಗಿದೆ: ತಾನು ಬಂದಿಳಿದಾಗ ನಕಲುಗಾರ ಇನ್ನೂ ವಾದ್ಯವೃಂದದ ಹಾಳೆಗಳನ್ನು ಬರೆಯುತ್ತಲೇ ಇದ್ದ, ಕೊನೆಯ ಭಾಗವನ್ನು ಒಮ್ಮೆ ನುಡಿಸಿ ನೋಡಲೂ ಮಗನಿಗೆ ಪುರುಸೊತ್ತಿರಲಿಲ್ಲ. ಇಲ್ಲಿಯೂ ಸಭೆಯಲ್ಲಿ ಗುರುವಿದ್ದಾನೆ, ವೇದಿಕೆಯ ಮೇಲೆ ಶಿಷ್ಯನಿದ್ದಾನೆ. ಆದರೆ ಆ ಗುರುವಿಗೆ ಮುಂದಿನ ಸ್ವರ ಯಾವುದೆಂದು ಗೊತ್ತೇ ಇಲ್ಲ.

ಕನ್ಸರ್ಟೊದ ನಡುವೆ ಕಡೆನ್ಜಾ ಎಂಬ ಜಾಗವಿರುತ್ತದೆ. ವಾದ್ಯವೃಂದ ಒಂದು ಕಾರ್ಡ್ ಮೇಲೆ ನಿಂತುಬಿಡುತ್ತದೆ, ಉಳಿದದ್ದು ವಾದಕನಿಗೆ ಬಿಟ್ಟದ್ದು. ಈ ಕನ್ಸರ್ಟೊಗೆ ಮೊಜಾರ್ಟ್ ಬರೆದ ಕಡೆನ್ಜಾ ನಮಗೆ ಉಳಿದಿಲ್ಲ. ಬೀಥೋವನ್ ತನ್ನದೊಂದನ್ನು ಬರೆದ. ಕ್ಲಾರಾ ಶೂಮನ್ ಕೂಡ ಬರೆದಳು. ಅವಳವು 1891ರಲ್ಲಿ, ಅವಳಿಗೆ ಎಪ್ಪತ್ತು ದಾಟಿದ ಮೇಲೆ ಪ್ರಕಟವಾದವು. ಇಂದಿನ ವಿದ್ಯಾರ್ಥಿಗಳು ಸಾಮಾನ್ಯವಾಗಿ ಬೀಥೋವನ್‌ನದನ್ನು ಕಲಿಯುತ್ತಾರೆ, ಯಾವ ಸ್ವರಕ್ಕೆ ಯಾವ ಬೆರಳೆಂದು ಸೂಚಿಸುವ ಬೆರಳ ಸಂಖ್ಯೆಗಳ ಸಮೇತ. ಆ ಹುಡುಗಿಯೂ ಅದನ್ನೇ ನುಡಿಸಿದಳು, ಭವ್ಯವಾಗಿ ನುಡಿಸಿದಳು. ಸಂಯೋಜಕ ಖಾಲಿ ಬಿಟ್ಟ ಜಾಗದಲ್ಲೂ ಅವಳಿಗೆ ಪಾಠವೇ ಇತ್ತು.

ಇದು ಹಳೆಯ ರೀತಿಯಲ್ಲ. ಬಾಖ್ ತನ್ನ ಹದಿನೈದು ಇನ್ವೆನ್ಷನ್‌ಗಳ, ಅಂದರೆ ಎರಡು ಧ್ವನಿಗಳ ಚಿಕ್ಕ ಪಾಠಕೃತಿಗಳ, 1723ರ ಪ್ರತಿಯ ಮೊದಲ ಪುಟದಲ್ಲೇ ಅವುಗಳ ಉದ್ದೇಶ ಬರೆದಿಟ್ಟಿದ್ದಾನೆ: ವಿದ್ಯಾರ್ಥಿ ಎರಡು ಧ್ವನಿಗಳನ್ನು ಸ್ವಚ್ಛವಾಗಿ ನುಡಿಸಬೇಕು, ಹಾಡುವಂತೆ ನುಡಿಸಬೇಕು, ಜೊತೆಗೆ ಸಂಯೋಜನೆಯ ರುಚಿಯೂ ಹತ್ತಬೇಕು. ಇಂದು ಪಿಯಾನೋ ಕಲಿಯುವ ಮಕ್ಕಳಲ್ಲಿ ಆ ಇನ್ವೆನ್ಷನ್‌ಗಳನ್ನು ನುಡಿಸದವರು ಕಡಿಮೆ. ಮೊದಲೆರಡು ಉದ್ದೇಶಗಳಿಗೆ ನಾವು ಬದುಕನ್ನೇ ಸವೆಸುತ್ತೇವೆ. ಮೂರನೆಯದನ್ನು ಸದ್ದಿಲ್ಲದೆ ಕೈಬಿಟ್ಟಿದ್ದೇವೆ. ಬೀಥೋವನ್, ಶೋಪ್ಯಾನ್, ಲಿಸ್ಟ್, ರಹ್ಮನಿನೋವ್ ಇವರೆಲ್ಲ ಪಿಯಾನೋ ವಾದಕರು ಹೌದು, ಬರೆಯುವವರೂ ಹೌದು. ಇಪ್ಪತ್ತನೆಯ ಶತಮಾನದಲ್ಲಿ ಆ ಎರಡು ಕೆಲಸಗಳು ಬೇರೆಬೇರೆಯಾದವು. ವಾದಕನ ಕೈಚಳಕ ಎಂದೂ ಕಾಣದ ಮಟ್ಟಕ್ಕೆ ಏರಿತು. ಆದರೆ ಎಲ್ಲ ನಿರ್ಧಾರಗಳೂ ಮೊದಲೇ ಆಗಿಹೋದ ಹಾಳೆಯ ಮುಂದೆ ಬೆಳೆದ ಮಗು, ಉಳಿದ ಸಣ್ಣ ನಿರ್ಧಾರಗಳಿಗೂ ಇನ್ನೊಬ್ಬರ ಮುಖ ನೋಡುವುದನ್ನು ಕಲಿತರೆ ಅದರಲ್ಲಿ ಆಶ್ಚರ್ಯವೇನು?

ತೀರ್ಪುಗಾರರ ಸಾಲು

ಹದಿನಾರು ಹದಿನೇಳರ ಹೊತ್ತಿಗೆ ಒಬ್ಬ ಗುರುವಿನ ಮುಖದ ಜಾಗದಲ್ಲಿ ಹತ್ತಾರು ಮುಖಗಳು ಬರುತ್ತವೆ. ವಾರ್ಸಾದ ಶೋಪ್ಯಾನ್ ಸ್ಪರ್ಧೆ 1927ರಿಂದ ನಡೆಯುತ್ತಿದೆ, ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ. ಐದು ವರ್ಷವೆಂದರೆ ಒಬ್ಬ ವಾದಕನಿಗೆ ಒಳ್ಳೆಯ ವಯಸ್ಸಿನಲ್ಲಿ ಸಿಗುವುದು ಒಂದೋ ಎರಡೋ ಅವಕಾಶ. ಮಾಸ್ಕೋದ ಚೈಕೋವ್ಸ್ಕಿ ಸ್ಪರ್ಧೆ 1958ರಲ್ಲಿ ಶುರುವಾಯಿತು, ಟೆಕ್ಸಾಸ್‌ನ ಕ್ಲೈಬರ್ನ್ ಸ್ಪರ್ಧೆ 1962ರಲ್ಲಿ, ಇಂಗ್ಲೆಂಡಿನ ಲೀಡ್ಸ್ ಸ್ಪರ್ಧೆ 1963ರಲ್ಲಿ. ಹೆಸರು, ಕಛೇರಿಗಳ ಒಪ್ಪಂದ, ಧ್ವನಿಮುದ್ರಣ ಎಲ್ಲವೂ ಇವುಗಳ ಬಾಗಿಲಿನಿಂದಲೇ ಬರುತ್ತವೆ ಎಂಬ ನಂಬಿಕೆ ಪಿಯಾನೋ ಲೋಕದಲ್ಲಿ ಬಲವಾಗಿದೆ.

ಸ್ಪರ್ಧೆಗಳ ಬಗ್ಗೆ ನನ್ನ ತಕರಾರು ಅನ್ಯಾಯದ್ದಲ್ಲ. 1980ರಲ್ಲಿ ವಾರ್ಸಾದಲ್ಲಿ ಇವೋ ಪೊಗೊರೆಲಿಚ್ ಎಂಬ ಸ್ಪರ್ಧಿಯನ್ನು ಅಂತಿಮ ಸುತ್ತಿಗೆ ಕಳಿಸದಿದ್ದಾಗ ತೀರ್ಪುಗಾರರಲ್ಲಿ ಒಬ್ಬಳಾಗಿದ್ದ ಮಾರ್ತಾ ಆರ್ಗೆರಿಚ್ ಪ್ರತಿಭಟಿಸಿ ಹೊರನಡೆದದ್ದನ್ನು ಎಲ್ಲರೂ ಹೇಳುತ್ತಾರೆ. ಆ ವರ್ಷ ಗೆದ್ದ ವಿಯೆಟ್ನಾಮಿನ ಡಾಂಗ್ ಥಾಯ್ ಸೋನ್ ಬಗ್ಗೆ ಹೇಳುವವರು ಕಡಿಮೆ. ಯುದ್ಧಕಾಲದಲ್ಲಿ, ಹನೋಯ್‌ನಿಂದ ಸಂಗೀತಶಾಲೆಯೇ ಹಳ್ಳಿಗಾಡಿಗೆ ಸ್ಥಳಾಂತರವಾಗಿದ್ದಾಗ ಕಲಿತ ಹುಡುಗ ಅವನು. ಏಷ್ಯಾದಿಂದ ಬಂದು ಆ ಸ್ಪರ್ಧೆ ಗೆದ್ದ ಮೊದಲಿಗ. 2021ರಲ್ಲಿ ಅದೇ ಸ್ಪರ್ಧೆ ಗೆದ್ದ ಬ್ರೂಸ್ ಲಿಯು ಅವನ ಶಿಷ್ಯ. ಹಗರಣಕ್ಕಿಂತ ಈ ಸರಪಳಿ ನನಗೆ ದೊಡ್ಡದು. ತೀರ್ಪುಗಾರರು ಹಲವು ಬಾರಿ ಸರಿಯಾಗಿಯೇ ಆರಿಸಿದ್ದಾರೆ. ಯಾರೂ ತಕ್ಕವರಿಲ್ಲವೆಂದು 1990ರಲ್ಲಿಯೂ 1995ರಲ್ಲಿಯೂ ಮೊದಲ ಬಹುಮಾನವನ್ನೇ ಕೊಡದೆ ಬಿಟ್ಟಿದ್ದಾರೆ. ನನ್ನ ತಕರಾರು ಬೇರೆ. ಹತ್ತಾರು ತೀರ್ಪುಗಾರರಿಗೂ ಒಪ್ಪಿಗೆಯಾಗುವ ಹಾಗೆ ನುಡಿಸಬೇಕೆಂದು ಹೊರಟ ಹುಡುಗ, ಯಾರೊಬ್ಬರನ್ನೂ ನೋಯಿಸದ ನುಡಿಸಾಣಿಕೆಯನ್ನು ಕಲಿತುಬಿಡುತ್ತಾನೆ. ಇದು ಯಾರೂ ಕಲಿಸದೆ ಬರುವ ವಿದ್ಯೆ. ಬಂದ ಮೇಲೆ ಬಿಡಿಸಿಕೊಳ್ಳುವುದು ಕಷ್ಟ.

ಯಾರೂ ಏನೂ ಹೇಳದ ವರ್ಷಗಳು

ಆಮೇಲೆ ವೃತ್ತಿ. ಹೊರಗಿನವರು ಊಹಿಸುವುದಕ್ಕಿಂತ ಅದು ಒರಟು. ಪಿಟೀಲಿನವರು ತಮ್ಮ ವಾದ್ಯವನ್ನು ಹೆಗಲಿಗೇರಿಸಿ ಹೋಗುತ್ತಾರೆ. ಪಿಯಾನೋ ವಾದಕರು ಊರಿಗೊಂದು ಅಪರಿಚಿತ ವಾದ್ಯದ ಮುಂದೆ ಕುಳಿತು, ಸಿಕ್ಕ ಅಲ್ಪ ಸಮಯದಲ್ಲಿ ಅದರ ಗುಣ ಅರಿಯಬೇಕು. ಹೊರೊವಿಟ್ಜ್, ಝಿಮರ್‌ಮನ್ ತಮ್ಮ ಪಿಯಾನೋಗಳನ್ನೇ ಸಾಗಿಸಿಕೊಂಡು ಹೋದದ್ದುಂಟು. ಹೊಸಬರಿಗೆ ಆ ಭಾಗ್ಯವೆಲ್ಲಿ? ಅವರು ಕಾಯುವುದು ಫೋನ್ ಕರೆಗೆ. 1963ರಲ್ಲಿ ಹೆಸರಾಂತ ವಾದಕ ಗ್ಲೆನ್ ಗೂಲ್ಡ್ ಅನಾರೋಗ್ಯದಿಂದ ಬರಲಾಗದಿದ್ದಾಗ ಹದಿನಾರರ ಆಂಡ್ರೆ ವಾಟ್ಸ್ ನ್ಯೂಯಾರ್ಕಿನಲ್ಲಿ ವಾದ್ಯವೃಂದ ನಿರ್ದೇಶಕ ಬರ್ನ್‌ಸ್ಟೈನ್ ಜೊತೆ ಲಿಸ್ಟ್‌ನ ಮೊದಲ ಕನ್ಸರ್ಟೊ ನುಡಿಸಿದ. 1999ರಲ್ಲಿ ಅದೇ ವಾಟ್ಸ್ ಹುಷಾರು ತಪ್ಪಿದಾಗ ರವೀನಿಯಾ ಉತ್ಸವದಲ್ಲಿ ಷಿಕಾಗೋ ವಾದ್ಯವೃಂದದ ಜೊತೆ ಹದಿನೇಳರ ಲ್ಯಾಂಗ್ ಲ್ಯಾಂಗ್ ಚೈಕೋವ್ಸ್ಕಿ ನುಡಿಸಿದ. ಒಂದೇ ರಾತ್ರಿಯಲ್ಲಿ ಇಬ್ಬರ ಬದುಕೂ ಬದಲಾಯಿತು. ಇಂಥ ಕರೆ ಬರುವ ದಿನಕ್ಕಾಗಿ ಯುವ ವಾದಕರು ಹಲವು ಕನ್ಸರ್ಟೊಗಳನ್ನು ಬೆರಳ ತುದಿಯಲ್ಲಿ ಸಿದ್ಧ ಇಟ್ಟುಕೊಂಡು ಬದುಕುತ್ತಾರೆ, ಹೊಸದನ್ನು ಕಲಿಯಲು ಬಿಡುವಿಲ್ಲದೆ. ವಾನ್ ಕ್ಲೈಬರ್ನ್ 1958ರಲ್ಲಿ ಮಾಸ್ಕೋದಲ್ಲಿ ಗೆದ್ದು ಬಂದಾಗ ನ್ಯೂಯಾರ್ಕಿನಲ್ಲಿ ಮೆರವಣಿಗೆ ನಡೆಯಿತು. ಆಮೇಲೆ ಇಪ್ಪತ್ತು ವರ್ಷ ಜನ ಅವನಿಂದ ಬಯಸಿದ್ದು ಮಾಸ್ಕೋದಲ್ಲಿ ಗೆಲ್ಲಿಸಿದ ಅದೇ ಚೈಕೋವ್ಸ್ಕಿ, ಅದೇ ರಹ್ಮನಿನೋವ್. 1978ರಲ್ಲಿ ಅವನು ವೇದಿಕೆಯಿಂದ ದೂರ ಸರಿದ.

ಈ ವರ್ಷಗಳಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಬಹುಶಃ ದಣಿವಲ್ಲ. ತಪ್ಪನ್ನು ಹೇಳುವವರು ಇಲ್ಲವಾಗುವುದು. ಸಭೆ ಚಪ್ಪಾಳೆ ತಟ್ಟುತ್ತದೆ. ನಿನ್ನೆ ಚೆನ್ನಾಗಿ ನುಡಿಸಿದಾಗಲೂ ತಟ್ಟಿತ್ತು, ಇಂದು ಕೆಟ್ಟದಾಗಿ ನುಡಿಸಿದಾಗಲೂ ತಟ್ಟಿತು. ವಿಮರ್ಶೆ ಬಂದರೆ ಬಂತು. ಹದಿನೈದು ವರ್ಷ ಪ್ರತಿ ಸ್ವರಕ್ಕೂ ಒಂದು ಮುಖ ನೋಡಿ ಬೆಳೆದವರಿಗೆ ಈ ಖಾಲಿತನ ಹೇಗಿರಬೇಡ? ಕೆಲವರು ಅಭ್ಯಾಸವನ್ನು ಇನ್ನಷ್ಟು ಹೆಚ್ಚಿಸಿ ಅದನ್ನು ತುಂಬಲು ನೋಡುತ್ತಾರೆ. ಅಮೆರಿಕದ ವಾದಕ ಲಿಯಾನ್ ಫ್ಲೈಶರ್ ಒಂಬತ್ತನೆಯ ವಯಸ್ಸಿನಿಂದ ಹೆಸರಾಂತ ಪಿಯಾನೋ ವಾದಕ ಶ್ನಾಬೆಲ್ ಬಳಿ ಕಲಿತವನು, 1952ರಲ್ಲಿ ಬ್ರಸೆಲ್ಸ್‌ನ ಸ್ಪರ್ಧೆ ಗೆದ್ದವನು. 1964ರಲ್ಲಿ, ಮೂವತ್ತಾರರಲ್ಲಿ, ಅವನ ಬಲಗೈಯ ನಾಲ್ಕು ಮತ್ತು ಐದನೆಯ ಬೆರಳುಗಳು ಮಡಚಿಕೊಂಡು ಮಾತು ಕೇಳದಾದವು. ವೈದ್ಯರು ಅದನ್ನು ಡಿಸ್ಟೋನಿಯಾ, ಅಂದರೆ ಸ್ನಾಯುಗಳು ತಾವಾಗಿಯೇ ಸೆಟೆದುಕೊಳ್ಳುವ ತೊಂದರೆ, ಎಂದು ಗುರುತಿಸಲು ದಶಕಗಳೇ ಬೇಕಾದವು. ಅತಿಯಾದ ಅಭ್ಯಾಸವನ್ನೇ ಅವನು ದೂರಿದ. ಅಷ್ಟು ವರ್ಷ ಎಡಗೈಗೆಂದೇ ಬರೆದ ಕೃತಿಗಳನ್ನು ನುಡಿಸಿದ, ವಾದ್ಯವೃಂದ ನಡೆಸಿದ, ಪಾಠ ಹೇಳಿದ. ಎರಡೂ ಕೈಗಳಿಂದ ನುಡಿಸಿದ ಅವನ ಹೊಸ ಧ್ವನಿಮುದ್ರಣ ಬಂದದ್ದು 2004ರಲ್ಲಿ.

ಇನ್ನು ಕೆಲವರು ಹಿಂದೆ ಸರಿದರು. ಮೌರಿಜಿಯೊ ಪೊಲ್ಲಿನಿ 1960ರಲ್ಲಿ ಹದಿನೆಂಟರ ವಯಸ್ಸಿನಲ್ಲಿ ವಾರ್ಸಾದಲ್ಲಿ ಗೆದ್ದ. ಎಲ್ಲ ಬಾಗಿಲುಗಳೂ ತೆರೆದಿದ್ದಾಗ ಕಛೇರಿಗಳನ್ನು ಕಡಿಮೆ ಮಾಡಿಕೊಂಡು ಕಲಿಯಲು ಕುಳಿತ. ಆರ್ಗೆರಿಚ್ 1957ರಲ್ಲಿ ಹದಿನಾರಕ್ಕೇ ಬೊಲ್ಜಾನೊ ಮತ್ತು ಜಿನೀವಾ ಸ್ಪರ್ಧೆಗಳೆರಡನ್ನೂ ಗೆದ್ದವಳು. ಕೆಲವು ವರ್ಷಗಳಲ್ಲಿ ಪಿಯಾನೋವನ್ನೇ ಬಿಟ್ಟು ಕಚೇರಿಯ ಕೆಲಸಕ್ಕೆ ಸೇರಿಬಿಡುವ ಯೋಚನೆಯವರೆಗೆ ಹೋದಳು. 1965ರಲ್ಲಿ ವಾರ್ಸಾದಲ್ಲಿ ಅವಳು ಮತ್ತೆ ಕಾಣಿಸಿಕೊಂಡು ಗೆದ್ದಾಗ ಆ ನುಡಿಸಾಣಿಕೆ ಬೇರೆ ಯಾರದ್ದೂ ಆಗಿರಲಿಲ್ಲ. ಈ ಬಿಡುವುಗಳನ್ನು ಜೀವನಚರಿತ್ರೆಗಳು ಒಂದೆರಡು ಸಾಲಿನಲ್ಲಿ ದಾಟಿಬಿಡುತ್ತವೆ. ನನಗೆ ಅವೇ ಮುಖ್ಯ ಅಧ್ಯಾಯಗಳು. ಯಾರ ಮುಖವೂ ಎದುರಿಗಿಲ್ಲದ ಹೊತ್ತಿನಲ್ಲಿ ಅವರು ತಮ್ಮನ್ನು ತಾವು ಆಲಿಸಲು ಕಲಿತಿರಬೇಕು. ಆದರೆ ಅಂಥ ಬಿಡುವು ತೆಗೆದುಕೊಳ್ಳಲು ದೊಡ್ಡ ಬಹುಮಾನವೊಂದು ಮೊದಲೇ ಕೈಯಲ್ಲಿರಬೇಕು ಎಂಬುದು ನೋವಿನ ಮಾತು. ನಾಲ್ಕನೆಯ ಬಹುಮಾನ ಬಂದವರು ಬಿಡುವು ತೆಗೆದುಕೊಂಡರೆ ಜನ ಮರೆಯುತ್ತಾರೆ.

ಹಾಗಾದರೆ ಗುರುವಿನಿಂದ ಬೇಗ ಬಿಡಿಸಿಕೊಳ್ಳಬೇಕೇ? ರಷ್ಯಾದಲ್ಲಿ ಹುಟ್ಟಿದ ವಾದಕ ಯೆವ್ಗೆನಿ ಕಿಸಿನ್ ನನ್ನನ್ನು ಅಷ್ಟು ಸುಲಭವಾಗಿ ಹಾಗೆ ಹೇಳಲು ಬಿಡುವುದಿಲ್ಲ. ಆರನೆಯ ವಯಸ್ಸಿನಲ್ಲಿ ಮಾಸ್ಕೋದ ಗ್ನೇಸಿನ್ ಶಾಲೆ ಸೇರಿದ ಅವನಿಗೆ ಅನ್ನಾ ಪಾವ್ಲೊವ್ನಾ ಕಾಂತೋರ್ ಬಿಟ್ಟರೆ ಬೇರೆ ಗುರುವೇ ಇರಲಿಲ್ಲ. 1984ರಲ್ಲಿ ಹನ್ನೆರಡರ ಹುಡುಗ ಮಾಸ್ಕೋದಲ್ಲಿ ಶೋಪ್ಯಾನ್‌ನ ಎರಡೂ ಕನ್ಸರ್ಟೊಗಳನ್ನು ಒಂದೇ ಸಂಜೆ ನುಡಿಸಿದ. ದೊಡ್ಡ ಸ್ಪರ್ಧೆಗಳ ಮೆಟ್ಟಿಲು ಹತ್ತದೆಯೇ ಜಗತ್ತಿನ ವೇದಿಕೆಗಳನ್ನು ತಲುಪಿದ. ಕುಟುಂಬ ದೇಶ ಬಿಟ್ಟಾಗ ಗುರುವೂ ಜೊತೆಗೆ ಬಂದರು, ಆ ಮನೆಯಲ್ಲೇ ಉಳಿದರು. ಅಷ್ಟು ವರ್ಷ ಒಂದೇ ಮುಖ. ಆದರೂ ಅವನದು ಎರವಲು ನುಡಿಸಾಣಿಕೆ ಎಂದು ಯಾರೂ ಹೇಳಲಾರರು. ಅವನ ಬಾಲ್ಯದ ವಿವರಗಳಲ್ಲಿ ನನ್ನ ಗಮನ ಸೆಳೆಯುವುದು ಒಂದೇ: ಪಾಠ ಶುರುವಾಗುವ ಮೊದಲೇ, ಎರಡರ ವಯಸ್ಸಿನಿಂದ, ಅವನು ಕೇಳಿದ್ದನ್ನು ಕೀಲಿಮಣೆಯ ಮೇಲೆ ಹುಡುಕಿ ನುಡಿಸುತ್ತಿದ್ದ, ತನ್ನದೇ ರಾಗಗಳನ್ನು ಕಟ್ಟುತ್ತಿದ್ದ. ಗುರು ಬಂದಾಗ ಆ ಕೋಣೆ ಖಾಲಿಯಿರಲಿಲ್ಲ, ಅಲ್ಲಿ ಆಗಲೇ ಒಬ್ಬನಿದ್ದ.

ಆದ್ದರಿಂದ ಗುರುಗಳಲ್ಲಿ ನನ್ನದೊಂದು ಬೇಡಿಕೆ. ವರ್ಷಕ್ಕೊಂದು ಕೃತಿಯನ್ನಾದರೂ ವಿದ್ಯಾರ್ಥಿ ತಾನೇ ಆರಿಸಲಿ, ತಾನೇ ಕಲಿಯಲಿ. ಬೆರಳ ಸಂಖ್ಯೆ, ಗತಿ, ಪೆಡಲ್ ಎಲ್ಲವೂ ಅವರದೇ ಆಗಿರಲಿ. ಕಛೇರಿಯ ದಿನದವರೆಗೆ ಗುರುಗಳು ಅದನ್ನು ಕೇಳದಿರಲಿ. ಹೀಗೆ ಮಾಡುವವರೊಬ್ಬರನ್ನು ನಾನು ಬಲ್ಲೆ. ಕಳೆದ ಬಾರಿ ಅವರ ಶಿಷ್ಯನೊಬ್ಬ ಪೋಲೆಂಡಿನ ಕುಣಿತದ ಲಯದಲ್ಲಿರುವ ಶೋಪ್ಯಾನ್‌ನ ಮಜುರ್ಕಾ ಒಂದನ್ನು ಆರಿಸಿಕೊಂಡು, ಕುಣಿತದ ಜಾಡೇ ಅಳಿಸುವಷ್ಟು ನಿಧಾನವಾಗಿ ನುಡಿಸಿದ. ಕಛೇರಿ ಮುಗಿದ ಮೇಲೆ ಪುಸ್ತಕಗಳನ್ನು ಜೋಡಿಸುತ್ತ ಆ ಗತಿ ತಮಗೆ ಎಳ್ಳಷ್ಟೂ ಒಪ್ಪಿಗೆಯಿಲ್ಲ ಎಂದು ಅವರು ನನ್ನ ಬಳಿ ಹೇಳಿದರು. ಅವನಿಗೆ ಹೇಳುತ್ತೀರಾ ಎಂದು ಕೇಳಿದೆ. ಇಲ್ಲ, ಹಾಗೆ ನುಡಿಸಲು ಕಾರಣವೇನೆಂದು ಮಾತ್ರ ಕೇಳಿದೆ, ಅವನು ಕಾಲು ಗಂಟೆ ಉತ್ತರ ಹೇಳಿದ ಎಂದರು.